ಯಾರದೋ ಹೆಸರಿಗೆ ಬಂದ ಕಾಗದ

1840ರ ಮೇ 2ರಂದು ಲಂಡನ್ನಿನಲ್ಲಿ ಅಂಚೆಗೆ ಬಿದ್ದ ಲಕೋಟೆಯೊಂದು ಉತ್ತರ ಇಂಗ್ಲೆಂಡಿನ ಬೆಡ್ಲಿಂಗ್ಟನ್ ಎಂಬ ಊರಿನ ಕಬ್ಬಿಣದ ಕಾರ್ಖಾನೆಯ ಮ್ಯಾನೇಜರನ ಕೈಸೇರಿತು. ಅದರ ಮೇಲೆ ಒಂದು ಪೆನ್ನಿಯ ಕಪ್ಪು ಚೀಟಿ ಇತ್ತು. ಆತ ಒಳಗಿದ್ದುದನ್ನು ಓದಿಕೊಂಡ. ಲಕೋಟೆಯನ್ನು ಬಿಸಾಡಲಿಲ್ಲ, ಒಳಮಗ್ಗುಲನ್ನು ಹೊರಕ್ಕೆ ತಿರುವಿ ಮಡಿಸಿದ. ಆ ಮಗ್ಗುಲಲ್ಲಿ ಅಂಚೆ ಇಲಾಖೆಯವರೇ ಅಚ್ಚು ಹಾಕಿಸಿದ್ದ, ಮಲ್‌ರೆಡಿ ಎಂಬ ಕಲಾವಿದ ಬರೆದ ಚಿತ್ರವಿತ್ತು. ಆ ಚಿತ್ರವಿದ್ದರೆ ಅಂಚೆವೆಚ್ಚ ಮೊದಲೇ ಸಂದಾಯವಾದಂತೆ. ಹೊಸ ವಿಳಾಸ ಬರೆದು ಅದೇ ಲಕೋಟೆಯನ್ನು ಇನ್ನೊಂದು ಊರಿಗೆ ಕಳಿಸಿದ. ಹೀಗೆ ಒಂದೇ ಕಾಗದ ಎರಡು ಪ್ರಯಾಣ ಮಾಡಿತು. ಜಗತ್ತಿನ ಮೊದಲ ಅಂಚೆಚೀಟಿ ಅದರ ಒಂದು ಮೈಯಲ್ಲಿ, ಆ ಚೀಟಿಯ ಜೊತೆಗೇ ಹುಟ್ಟಿದ ಅಚ್ಚಿನ ಲಕೋಟೆ ಇನ್ನೊಂದು ಮೈಯಲ್ಲಿ.

2024ರಲ್ಲಿ ಸೋದಬೀಸ್ ಸಂಸ್ಥೆ ಅದನ್ನು ಹರಾಜಿಗೆ ತಂದಾಗ ಹೇಳಿದ ಅಂದಾಜು ಬೆಲೆ 15ರಿಂದ 25 ಲಕ್ಷ ಡಾಲರ್. ಒಳಗಿದ್ದ ಬರಹ ಮಾತ್ರ ಉಳಿದಿಲ್ಲ. ಲಂಡನ್ನಿನಿಂದ ಬಂದ ಸುದ್ದಿ ಏನು, ಬೆಡ್ಲಿಂಗ್ಟನ್ನಿನಿಂದ ಮುಂದಕ್ಕೆ ಹೋದ ಸುದ್ದಿ ಏನು ಎಂದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಆ ಮ್ಯಾನೇಜರ್ ಒಂದು ಹಾಳೆ ಉಳಿಸಿದ, ಅಷ್ಟೆ. ಚರಿತ್ರೆಯನ್ನು ಉಳಿಸುತ್ತಿದ್ದೇನೆಂದು ಅವನಿಗೆ ಹೊಳೆದಿರಲಾರದು.

ಹೊಸ ಅಂಚೆಚೀಟಿ ಹೊರಬಂದ ದಿನವೇ ಅದನ್ನು ಲಕೋಟೆಗೆ ಹಚ್ಚಿ, ಅಂದಿನದೇ ತಾರೀಕಿನ ಠಸ್ಸೆ ಬಿದ್ದಿದ್ದರೆ ಅದು ಮೊದಲ ದಿನದ ಲಕೋಟೆ. ಸಂಗ್ರಾಹಕರ ಬಾಯಲ್ಲಿ ಎಫ್‌ಡಿಸಿ. ಈಗ ಅದು ಕೌಂಟರಿನಲ್ಲಿ ಸಿಗುವ ಸರಕು. ಅಂಚೆಚೀಟಿಯ ಮೊದಮೊದಲ ದಶಕಗಳಲ್ಲಿ ಅಂಥದೊಂದು ವಸ್ತುವನ್ನು ಕೂಡಿಡಬಹುದೆಂಬ ಯೋಚನೆಯೇ ಜನರಿಗೆ ಬಂದಿರಲಿಲ್ಲ. ಆ ಕಾಲದ್ದೊಂದು ಇಂದು ನಮ್ಮ ಕಣ್ಣೆದುರಿಗಿದೆ ಎಂದರೆ, ಯಾರೋ ಒಬ್ಬರು ಅಂದು ತಮ್ಮ ಪಾಡಿನ ಕೆಲಸಕ್ಕಾಗಿ ಕಾಗದ ಬರೆದರು, ಇನ್ನೊಬ್ಬರು ಅದನ್ನು ಎತ್ತಿಟ್ಟರು ಎಂದೇ ಅರ್ಥ. ಬಹಳ ಕಾಲ ಈ ಲಕೋಟೆಗಳ ಜೊತೆ ಕಳೆದ ಮೇಲೆ ನನ್ನ ಮನಸ್ಸು ಮತ್ತೆ ಮತ್ತೆ ಒಂದೇ ಕಡೆ ಬಂದು ನಿಲ್ಲುತ್ತದೆ. ದುಡ್ಡು ಕೊಟ್ಟು ಕೊಂಡವನು ಇದರ ಒಡೆಯನೆಂದು ಅಂದುಕೊಳ್ಳುತ್ತಾನೆ. ನಿಜಕ್ಕೂ ಅವನು ಆ ಕ್ಷಣದಿಂದ ಋಣಿಯಾಗುತ್ತಾನೆ. ಬರೆದವರ, ಹೊತ್ತವರ, ಜೋಪಾನ ಮಾಡಿದವರ ಋಣ ಅವನ ತಲೆಯ ಮೇಲಿರುತ್ತದೆ.

ಆ ಕಪ್ಪು ಚೀಟಿ ಬರುವ ಮುಂಚೆ ಬ್ರಿಟನ್ನಿನಲ್ಲಿ ಅಂಚೆಯ ಖರ್ಚನ್ನು ಸಾಮಾನ್ಯವಾಗಿ ಕಾಗದ ಪಡೆದವರೇ ಕೊಡಬೇಕಿತ್ತು. ದೂರ ಹೆಚ್ಚಿದಷ್ಟೂ ದರ ಹೆಚ್ಚು. ಹಾಳೆ ಎರಡಾದರೆ ದರವೂ ಎರಡರಷ್ಟು. ಲಕೋಟೆಯನ್ನೂ ಒಂದು ಹಾಳೆಯೆಂದೇ ಲೆಕ್ಕ ಹಿಡಿಯುತ್ತಿದ್ದರು. ಹಾಗಾಗಿ ಜನ ಲಕೋಟೆಯ ಗೋಜಿಗೇ ಹೋಗದೆ ಬರೆದ ಹಾಳೆಯನ್ನೇ ಮಡಿಸಿ ಅರಗು ಹಾಕುತ್ತಿದ್ದರು. ಹಾಳೆ ತುಂಬಿಹೋದರೆ ಅದನ್ನು ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಸಾಲು ಎಳೆಯುತ್ತಿದ್ದರು. ಅಂಥ ಕಾಗದಗಳನ್ನು ಭೂತಗನ್ನಡಿ ಹಿಡಿದು ನೋಡಬೇಕು. ಉದ್ದಕ್ಕೆ ಒಂದು ಸಂಸಾರದ ಸುದ್ದಿ, ಅಡ್ಡಕ್ಕೆ ಅದರದೇ ಮುಂದುವರಿಕೆ. ಒಂದಕ್ಕೊಂದು ಹೆಣೆದುಕೊಂಡ ಅಕ್ಷರಗಳಲ್ಲಿ ಹೇಳಬೇಕಾದದ್ದು ಎಷ್ಟಿತ್ತು, ಕೈಯಲ್ಲಿದ್ದ ಕಾಸು ಎಷ್ಟು ಕಡಿಮೆಯಿತ್ತು ಎರಡೂ ಕಾಣುತ್ತವೆ. ಕವಿ ಕೋಲ್‌ರಿಜ್ ಕಂಡ ಪ್ರಸಂಗವೊಂದನ್ನು ಈ ವಿಷಯದಲ್ಲಿ ಆಗಾಗ ಹೇಳುತ್ತಾರೆ. ಅಂಚೆಯವನು ತಂದ ಕಾಗದವನ್ನು ಒಬ್ಬ ಹೆಂಗಸು ದುಡ್ಡಿಲ್ಲವೆಂದು ಹಿಂದಿರುಗಿಸಿದಳಂತೆ. ಕವಿ ಕನಿಕರಪಟ್ಟು ತಾನೇ ದುಡ್ಡು ಕೊಟ್ಟು ಬಿಡಿಸಿಕೊಟ್ಟ. ಒಡೆದು ನೋಡಿದರೆ ಒಳಗೆ ಏನೂ ಬರೆದಿರಲಿಲ್ಲ. ದೂರದಲ್ಲಿದ್ದ ಅಣ್ಣ ಕ್ಷೇಮವಾಗಿದ್ದಾನೆಂದು ತಿಳಿಯಲು ಖಾಲಿ ಹಾಳೆ ಬಂದರೆ ಸಾಕು, ಅದನ್ನು ಬಿಡಿಸಿಕೊಳ್ಳಬೇಕಾಗಿಲ್ಲ ಎಂದು ಅವರಿಬ್ಬರೂ ಗೊತ್ತುಮಾಡಿಕೊಂಡಿದ್ದರು.

ರೋಲೆಂಡ್ ಹಿಲ್ 1837ರಲ್ಲಿ ಅಂಚೆ ಸುಧಾರಣೆಯ ಬಗ್ಗೆ ಬರೆದ ಕಿರುಹೊತ್ತಗೆಯ ಹಿಂದೆ ಇಂಥ ಬದುಕುಗಳಿದ್ದವು. ಅರ್ಧ ಔನ್ಸಿನೊಳಗಿನ ಕಾಗದ ದೇಶದ ಯಾವ ಮೂಲೆಗೆ ಹೋದರೂ ಒಂದು ಪೆನ್ನಿ, ಅದನ್ನು ಕಳಿಸುವವರೇ ಮೊದಲು ಕೊಡಬೇಕು ಎಂಬ ಅವರ ಮಾತು ಒಪ್ಪಿಗೆಯಾಗಿ, 1840ರ ಮೇ 1ರಂದು ಆ ಕಪ್ಪು ಚೀಟಿ, ಅಂದರೆ ಪೆನ್ನಿ ಬ್ಲಾಕ್, ಮಾರಾಟಕ್ಕೆ ಬಂತು. ಬಳಕೆ ಶುರುವಾಗಬೇಕಾದದ್ದು ಮೇ 6ರಿಂದ. ಮೇ 2ರ ಲಕೋಟೆಯಂಥವು ನಾಲ್ಕು ದಿನ ಮುಂಚೆಯೇ ನುಸುಳಿ ಹೋದವು. ಚೀಟಿಯ ಮೇಲೆ ಹೊಡೆಯುತ್ತಿದ್ದ ಕೆಂಪು ಮಾಲ್ಟೀಸ್ ಶಿಲುಬೆಯ ಠಸ್ಸೆಯಲ್ಲಿ ತಾರೀಕು ಇರುತ್ತಿರಲಿಲ್ಲ. ತಾರೀಕಿನ ಮುದ್ರೆ ಬೇರೆ, ಅದು ಬೀಳುತ್ತಿದ್ದದ್ದು ಸಾಮಾನ್ಯವಾಗಿ ಲಕೋಟೆಯ ಹಿಂಬದಿಗೆ. ಎಂದರೆ ಪೆನ್ನಿ ಬ್ಲಾಕ್ ಅಂಟಿದ ಲಕೋಟೆ ಮೊದಲ ದಿನದ್ದು ಹೌದೋ ಅಲ್ಲವೋ ತಿಳಿಯಬೇಕಾದರೆ ಅದನ್ನು ಮಗುಚಿ ನೋಡಬೇಕು. ಚೀಟಿಯಲ್ಲಿನ ರಾಣಿಯ ಮುಖ ಮುಂದೆ, ದಿನದ ಸಾಕ್ಷಿ ಹಿಂದೆ.

ಈ ಒಂದು ಸಂಗತಿಯಿಂದಲೇ ಎಷ್ಟೋ ನಷ್ಟವಾಯಿತು. ಪೆನ್ನಿ ಬ್ಲಾಕ್ ಅಚ್ಚಾದದ್ದು ಆರು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು. ಚೀಟಿ ಅಂಥ ಅಪರೂಪದ್ದೇನೂ ಅಲ್ಲ. ಬ್ರಿಟಿಷ್ ಮ್ಯೂಸಿಯಂನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಮಾರಾಟದ ಮೊದಲ ದಿನವೇ ಕೆಲವನ್ನು ಕೊಂಡು ಇಟ್ಟುಕೊಂಡರೆಂದು ಹೇಳುತ್ತಾರೆ. ಮರುವರ್ಷವೇ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಒಬ್ಬ ತರುಣಿ ಜಾಹೀರಾತು ಕೊಟ್ಟಳು. ತನ್ನ ಅಲಂಕಾರದ ಕೋಣೆಯ ಗೋಡೆಗೆ ಹಚ್ಚಲು ಬಳಸಿದ ಚೀಟಿಗಳು ಬೇಕು, ಆಗಲೇ ಸ್ನೇಹಿತರಿಂದ ಹದಿನಾರು ಸಾವಿರ ಸೇರಿವೆ ಎಂದು. ಆ ಹದಿನಾರು ಸಾವಿರವೂ ಯಾವ ಯಾವುದೋ ಕಾಗದದಿಂದ ಕತ್ತರಿಸಿ ತೆಗೆದವೇ. ಮುಂದೆ ಹವ್ಯಾಸ ಬೆಳೆದು ಆಲ್ಬಮ್ಮುಗಳು ಬಂದಾಗ ಪ್ರತಿ ಚೀಟಿಗೂ ಒಂದು ಪುಟ್ಟ ಚೌಕ ಮೀಸಲಾಯಿತು. ಚೌಕಕ್ಕೆ ಲಕೋಟೆ ಹಿಡಿಸುವುದಿಲ್ಲ. ನೀರಿನಲ್ಲಿ ನೆನೆಹಾಕಿ, ಚೀಟಿ ಬಿಡಿಸಿ, ಒಣಗಿಸಿ ಅಂಟಿಸಿದರು. ವಿಳಾಸ ಬಚ್ಚಲಿಗೆ ಹೋಯಿತು, ಊರಿನ ಹೆಸರು ಹೋಯಿತು, ಹಿಂಬದಿಯ ತಾರೀಕು ಹೋಯಿತು. ಮಕ್ಕಳೂ ಅದನ್ನೇ ಕಲಿತರು. ಯಾರಲ್ಲೂ ಕೆಟ್ಟ ಉದ್ದೇಶವಿರಲಿಲ್ಲ. ಅಂದವಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕಸವೆಂದು ಬಗೆಯುವ ಕಣ್ಣು ಮಾತ್ರ ಇತ್ತು. ಆ ಕಣ್ಣು ಅಂಚೆಚೀಟಿಯ ವಿಷಯದಲ್ಲಷ್ಟೇ ಹಾಗೆ ನೋಡುತ್ತದೆ ಎಂದು ನಾನು ನಂಬಲಾರೆ.

ಮಾರಿಷಸ್‌ನ ಕಥೆ ಇದಕ್ಕಿಂತ ಹೆಚ್ಚು ಹೇಳುತ್ತದೆ. 1847ರ ಸೆಪ್ಟೆಂಬರ್ 21ರಂದು ಆ ದ್ವೀಪದಲ್ಲಿ ಒಂದು ಪೆನ್ನಿಯ ಮತ್ತು ಎರಡು ಪೆನ್ಸಿನ ಚೀಟಿಗಳು ಬಂದವು; ತಲಾ 500 ಮಾತ್ರ. ಗವರ್ನರನ ಹೆಂಡತಿ ಲೇಡಿ ಗೋಮ್ ತಮ್ಮ ಮನೆಯ ನೃತ್ಯಕೂಟಕ್ಕೆ ಊರಿನವರನ್ನು ಕರೆಯಲು ಆ ಚೀಟಿಗಳನ್ನೇ ಬಳಸಿದರು. ಆಮಂತ್ರಣದ ಆ ಲಕೋಟೆಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಇಂದು ಜಗತ್ತಿನ ಅತ್ಯಂತ ಪ್ರಸಿದ್ಧ ಅಂಚೆ ವಸ್ತುಗಳಲ್ಲಿ ಅವು ಸೇರಿವೆ. ಕೂಟಕ್ಕೆ ಹೋಗಿ ಬಂದ ಮೇಲೆ ಆಮಂತ್ರಣದ ಲಕೋಟೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೂ ಯಾರೋ ಇಟ್ಟುಕೊಂಡರು. ಅದೇ ಚೀಟಿಗಳಲ್ಲಿ ಎರಡನ್ನು ಹಚ್ಚಿದ ಇನ್ನೊಂದು ಕಾಗದ 1850ರಲ್ಲಿ ಸಮುದ್ರ ದಾಟಿ ಮುಂಬಯಿಗೆ, ಅಲ್ಲಿನ ಬೈಬಲ್ ಸೊಸೈಟಿಯ ಕಾರ್ಯದರ್ಶಿಯ ಹೆಸರಿಗೆ ಬಂತು. 1897ರಲ್ಲಿ ಅದು ನಮ್ಮ ದೇಶದ ಒಂದು ಬಜಾರಿನಲ್ಲಿ ಸಿಕ್ಕಿತು. ಅಷ್ಟು ವರ್ಷ ಅದು ಯಾವ ಕಟ್ಟಿನಲ್ಲಿತ್ತು, ಎಷ್ಟು ಮಳೆಗಾಲ ಕಂಡಿತು, ಎಷ್ಟು ಸಲ ಒಲೆಯ ಬಾಯಿಂದ ತಪ್ಪಿಸಿಕೊಂಡಿತು ಎಂದು ಯೋಚಿಸಿದರೆ ಎದೆ ನಡುಗುತ್ತದೆ. ಅದನ್ನು ಉಳಿಸಿದವರಿಗೆ ಅದರಿಂದ ಒಂದು ಬಿಡಿಗಾಸೂ ದಕ್ಕಿರಲಿಕ್ಕಿಲ್ಲ.

ನಮ್ಮ ಉಪಖಂಡದ ಮೊದಲ ಚೀಟಿ 1852ರ ಜುಲೈ 1ರಂದು ಸಿಂಧ್ ಪ್ರಾಂತದಲ್ಲಿ ಬಂದದ್ದು. ಅದೇ ಸಿಂಧ್ ಡಾಕ್, ಅರ್ಧ ಆಣೆಯದು. ಅಲ್ಲಿನ ಕಮಿಷನರ್ ಬಾರ್ಟಲ್ ಫ್ರಿಯರ್ ಕುದುರೆ, ಒಂಟೆಗಳನ್ನು ಓಡಿಸಿ ಅಂಚೆಯನ್ನು ಚುರುಕುಗೊಳಿಸಿದ್ದರು. ಮೊದಲ ಚೀಟಿಯನ್ನು ಕೆಂಪು ಅರಗಿನ ಬಿಲ್ಲೆಯಲ್ಲಿ ಒತ್ತಿದ್ದರು, ಮುಟ್ಟಿದರೆ ಬಿರಿಯುತ್ತಿತ್ತು. ಆಮೇಲೆ ಬಿಳಿ ಕಾಗದದ ಮೇಲೆ ಬಣ್ಣವಿಲ್ಲದೆ ಉಬ್ಬಿಸಿದರು. ಮಬ್ಬು ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಕೊನೆಗೆ ನೀಲಿ ಬಂತು. 1854ರ ಅಕ್ಟೋಬರಿನಲ್ಲಿ ಇಡೀ ದೇಶಕ್ಕೆ ಒಂದೇ ಬಗೆಯ ಚೀಟಿಗಳು ಬಂದಾಗ ಸಿಂಧ್ ಡಾಕ್ ನಿಂತುಹೋಯಿತು. ಕೆಂಪು ಬಿಲ್ಲೆ ಒಡೆಯದೆ ಉಳಿದಿರುವ ಕವರು ಕಂಡರೆ ನನಗೆ ಮೊದಲು ನೆನಪಾಗುವುದು ಅದನ್ನು ಹೊತ್ತ ಚೀಲ, ಆಮೇಲೆ ಚೀಲ ಹೊತ್ತ ಬೆನ್ನು. ನಮ್ಮ ಮೈಸೂರು ಸಂಸ್ಥಾನದಲ್ಲಿ ತನ್ನದೇ ಚೀಟಿ ಇಲ್ಲದಿದ್ದರೂ ತನ್ನದೇ ಅಂಚೆ ಇತ್ತು, 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಗುವವರೆಗೂ. ಗೆಜ್ಜೆ ಕಟ್ಟಿದ ಈಟಿ ಹಿಡಿದು ಕಾಡುದಾರಿಯಲ್ಲಿ ಓಡಿದ ಅಂಚೆಯಾಳುಗಳ ಹೆಸರು ಯಾವ ಲಕೋಟೆಯ ಮೇಲೂ ಇಲ್ಲ. ಕಳಿಸಿದವರ ಹೆಸರಿದೆ, ಪಡೆದವರ ಹೆಸರಿದೆ, ರಾಜರಾಣಿಯರ ಮುಖವಿದೆ. ಓಡಿದವರು ಅಲ್ಲಿ ಇರುವುದು ಎರಡು ಊರುಗಳ ಎರಡು ತಾರೀಕುಗಳ ನಡುವಿನ ಅಂತರದಲ್ಲಿ ಮಾತ್ರ.

ಸ್ವತಂತ್ರ ಭಾರತದ ಮೊದಲ ಚೀಟಿಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ರಂದು. ಅಂದು ಹೊಸ ಚೀಟಿ ಇರಲಿಲ್ಲ. ಜಾರ್ಜ್ ದೊರೆಯ ಮುಖದ ಚೀಟಿಗಳ ಮೇಲೆಯೇ ಜೈ ಹಿಂದ್ ಎಂಬ ವಿಶೇಷ ಠಸ್ಸೆ ಬಿತ್ತು. ನಮ್ಮದೇ ಚೀಟಿ ಬಂದದ್ದು ನವೆಂಬರ್ 21ರಂದು, ಮೂರೂವರೆ ಆಣೆಯದು. ಅದರಲ್ಲಿ ಹಾರುವ ತ್ರಿವರ್ಣ ಧ್ವಜ, ಒಂದು ಮೂಲೆಯಲ್ಲಿ ನಾಗರಿ ಲಿಪಿಯ ಜೈ ಹಿಂದ್, ಜೊತೆಗೆ ಆಗಸ್ಟ್ 15ರ ತಾರೀಕು. ಮೊದಲ ದಿನದ ಲಕೋಟೆಯನ್ನು ಹತ್ತಿರ ಹಿಡಿದು ನೋಡಿದರೆ ಎರಡು ತಾರೀಕು ಒಂದರ ಪಕ್ಕ ಒಂದು ಕಾಣುತ್ತವೆ. ಅಚ್ಚಿನಲ್ಲಿ ಆಗಸ್ಟ್ 15, ಠಸ್ಸೆಯ ಮಸಿಯಲ್ಲಿ ನವೆಂಬರ್ 21. ಆ ಎರಡು ತಾರೀಕುಗಳ ನಡುವೆ ಪಂಜಾಬ್ ಹೊತ್ತಿ ಉರಿಯಿತು, ಲಕ್ಷಾಂತರ ಜನ ಗಂಟುಮೂಟೆ ಹೊತ್ತು ಗಡಿ ದಾಟಿದರು. ಎಷ್ಟು ಕಾಗದಗಳು ಮನೆಯೇ ಇಲ್ಲದ ವಿಳಾಸಗಳಿಗೆ ಹೋಗಿ ನಿಂತವೋ! ಆ ಚೀಟಿಯ ಮೇಲಿನ ಧ್ವಜದ ಕೇಸರಿ, ಹಸಿರು ಎರಡನ್ನೂ ಭೂತಗನ್ನಡಿಯಲ್ಲಿ ನೋಡುವಾಗ ಇದನ್ನು ಮರೆತರೆ ನೋಡಿದಂತಾಗಲಿಲ್ಲ.

ಇನ್ನೊಂದು ಸಂಗತಿ. ಮೂರೂವರೆ ಆಣೆಯ ಆ ಚೀಟಿ ಹೊರದೇಶಗಳಿಗೆ ಹೋಗುವ ಕಾಗದಕ್ಕೆಂದು ಮಾಡಿದ್ದು. ದೇಶದೊಳಗಿನ ಕಾಗದಕ್ಕೆ ಬೇಕಾದ ಒಂದೂವರೆ ಆಣೆಯ ಅಶೋಕ ಸ್ತಂಭದ ಚೀಟಿ, ವಿಮಾನದ ಚಿತ್ರವಿದ್ದ ಹನ್ನೆರಡು ಆಣೆಯದರ ಜೊತೆ ಬಂದದ್ದು ಡಿಸೆಂಬರ್ 15ರಂದು. ಹಾಗಾಗಿ ಹೊಸ ದೇಶದ ಮೊದಲ ಚೀಟಿ ಮೊದಲು ಮಾತಾಡಿದ್ದು ಹೊರಗಿನವರ ಜೊತೆ. ಲಂಡನ್ನಿನ ವ್ಯಾಪಾರಿಗೋ, ದೂರದ ವಸಾಹತಿನಲ್ಲಿ ದುಡಿಯಲು ಹೋದ ಮಗನಿಗೋ ಹೋದ ಕಾಗದದ ಮೂಲೆಯಲ್ಲಿ ಆ ಧ್ವಜವಿತ್ತು. ಬರೆದವರಲ್ಲಿ ಹಲವರಿಗೆ ಬೇಕಾಗಿದ್ದದ್ದು ಲೆಕ್ಕ ಚುಕ್ತಾ ಮಾಡುವುದು, ಆರೋಗ್ಯ ವಿಚಾರಿಸುವುದು. ಕೌಂಟರಿನಲ್ಲಿ ಅಂದು ಕೊಟ್ಟ ಚೀಟಿ ಅದಾಗಿತ್ತು, ಹಚ್ಚಿದರು. ದೊಡ್ಡ ದಿನಗಳು ಜನರ ಬಾಳಿನೊಳಗೆ ಬರುವುದು ಹೀಗೆಯೇ. ಬೆಳಗ್ಗೆ ಎದ್ದವರು ಹಾಲು ತರುತ್ತಾರೆ, ಬಾಕಿ ಕೇಳುತ್ತಾರೆ, ಕಾಗದ ಹಾಕುತ್ತಾರೆ.

ಗಾಂಧಿಯವರ ಚೀಟಿ ಬಂದದ್ದು ಮರುವರ್ಷ, 1948ರ ಆಗಸ್ಟ್ 15ರಂದು; ಅವರು ಹತ್ಯೆಯಾಗಿ ಏಳು ತಿಂಗಳು ತುಂಬಿರಲಿಲ್ಲ. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ ಹೀಗೆ ನಾಲ್ಕು ಬೆಲೆಗಳು. ಬಾಪು ಎಂಬ ಹೆಸರು ಹಿಂದಿ, ಉರ್ದು ಎರಡೂ ಲಿಪಿಗಳಲ್ಲಿದೆ. ಅಚ್ಚಾದದ್ದು ನಾಸಿಕದ ಮುದ್ರಣಾಲಯದಲ್ಲಲ್ಲ, ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಸಂಸ್ಥೆಯಲ್ಲಿ. ಚರಕದವರ ಮುಖ ಪರದೇಶದ ಯಂತ್ರದಿಂದ ಬಂತಲ್ಲ ಎಂಬ ಮಾತು ಅಂದಿನಿಂದಲೂ ಇದೆ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಆ ಹತ್ತು ರೂಪಾಯಿಯ ಬೆಲೆ. ಮೊದಲ ಮೂರೂ ಸೇರಿ ಒಂದು ರೂಪಾಯಿ ಒಂದಾಣೆ. ನಾಲ್ಕೂ ಹಚ್ಚಿದ ಲಕೋಟೆಗೆ ಹನ್ನೊಂದು ರೂಪಾಯಿ ಒಂದಾಣೆ. 1948ರಲ್ಲಿ ಆ ದುಡ್ಡನ್ನು ಒಂದು ಲಕೋಟೆಗೆ ಹಾಕಬಲ್ಲವರು ಎಷ್ಟು ಮಂದಿ ಇದ್ದಾರು? ಹಾಗಾಗಿಯೇ ನಾಲ್ಕೂ ಇರುವ ಮೊದಲ ದಿನದ ಲಕೋಟೆ ಇಂದು ಸಂಗ್ರಾಹಕರ ಕನಸು. ಗವರ್ನರ್ ಜನರಲ್ ಅವರ ಬಳಕೆಗೆಂದು ಸರ್ವಿಸ್ ಎಂದು ಮೇಲಚ್ಚು ಹಾಕಿದ ಹತ್ತು ರೂಪಾಯಿಯ ಚೀಟಿಗಳಂತೂ 100 ಮಾತ್ರ. 2017ರಲ್ಲಿ ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ ಬ್ರಿಟನ್ನಿನಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು.

ಮೂರು ಕಾಸಿನ ಕಾರ್ಡಿನಲ್ಲಿ, ಬಂದ ಲಕೋಟೆಗಳ ಖಾಲಿ ಬದಿಯಲ್ಲಿ ಬರೆದು ಕಾಗದ ಉಳಿಸಿದ ಮನುಷ್ಯ ಅವರು. ಅವರ ಚಿತ್ರಕ್ಕೆ ಐದು ಲಕ್ಷ ಪೌಂಡ್ ಎಂದಾಗ ಮನಸ್ಸಿಗೆ ಹಿಂಸೆಯಾಗುವುದು ನಿಜ. ಆದರೂ ಆ ಸರಣಿಯಲ್ಲಿ ನಾನು ಮನಸ್ಸಿಟ್ಟು ನೋಡುವುದು ಬೇರೊಂದನ್ನು. ಒಂದೂವರೆ ಆಣೆಯ ಒಂದೇ ಚೀಟಿ ಹಚ್ಚಿ, ಅದೇ ಆಗಸ್ಟ್ 15ರ ಠಸ್ಸೆ ಬಿದ್ದು, ನಿಜವಾದ ವಿಳಾಸಕ್ಕೆ ಹೋಗಿ ಮುಟ್ಟಿದ ಸಾದಾ ಲಕೋಟೆ ಅದು. ಕ್ಯಾಟಲಾಗಿನಲ್ಲಿ ಅದಕ್ಕೆ ಅಂಥ ಸ್ಥಾನವಿಲ್ಲ. ನನ್ನ ಲೆಕ್ಕದಲ್ಲಿ ಬಾಪೂಗೆ ಹತ್ತಿರವಿರುವುದು ಅದೇ.

ನನ್ನ ಬಳಿ ಇರುವುದರಲ್ಲಿ ನಾನು ಹೆಚ್ಚು ಸಲ ಹೊರತೆಗೆಯುವ ಲಕೋಟೆ ತೀರಾ ಈಚಿನದು. 1960ರ ಸೆಪ್ಟೆಂಬರ್ 15ರಂದು ಅಂಚೆ ಇಲಾಖೆ ಸರ್ ಎಂ. ವಿಶ್ವೇಶ್ವರಯ್ಯನವರ ಶತಮಾನೋತ್ಸವಕ್ಕಾಗಿ 15 ನಯಾಪೈಸೆಯ ಚೀಟಿ ತಂದಿತು. ಅವರು ಆಗ ಬದುಕಿದ್ದರು, ತೀರಿಕೊಂಡದ್ದು 1962ರಲ್ಲಿ. ತನ್ನ ಮುಖವಿರುವ ಚೀಟಿ ಹಚ್ಚಿದ ಕಾಗದ ತನ್ನ ಮನೆಗೇ ಬರುವ ಭಾಗ್ಯ ಭಾರತದಲ್ಲಿ ಅದಕ್ಕೆ ಮುಂಚೆ ಇದ್ದದ್ದು ಎರಡು ವರ್ಷ ಹಿಂದೆ ಗೌರವ ಪಡೆದ ಧೋಂಡೊ ಕೇಶವ ಕರ್ವೆಯವರಿಗೆ. 15 ನಯಾಪೈಸೆ ಆಗಿನ ಸಾಮಾನ್ಯ ಕಾಗದದ ದರ. ಹಾಗಾಗಿ ಆ ದಿನ ಬೆಂಗಳೂರಿನಲ್ಲಿ ಕಾಗದ ಹಾಕಲು ಹೋದ ಯಾರಿಗಾದರೂ ಅದು ಸಿಗಬಹುದಿತ್ತು. ನನ್ನಲ್ಲಿರುವುದು ಅಂಥವರೊಬ್ಬರದು. ಹಳೆ ಪುಸ್ತಕದ ಅಂಗಡಿಯಲ್ಲಿ ಒಂದು ಪಂಚಾಂಗದ ಒಳಗೆ ಸಿಕ್ಕಿತು.

ಲಕೋಟೆ ಅಗ್ಗದ್ದು, ಬಾದಾಮಿ ಬಣ್ಣಕ್ಕೆ ತಿರುಗಿದೆ. ಚೀಟಿ ನೆಟ್ಟಗಿಲ್ಲ, ಎಡಕ್ಕೆ ವಾಲಿದೆ. ಗೋಂದು ಸಾಲದೆ ಅನ್ನದ ಅಗುಳು ತಿಕ್ಕಿದಂತೆ ಒಂದು ಅಂಚಿನಲ್ಲಿ ಗಟ್ಟಿ ಕಲೆ. ಠಸ್ಸೆ ಹೊಡೆದ ಗುಮಾಸ್ತರ ಕೈ ಅವಸರದಲ್ಲಿತ್ತು, ಬೆಂಗಳೂರಿನ ಹೆಸರಿನ ಮೊದಲ ಅಕ್ಷರ ಲಕೋಟೆಯಿಂದ ಹೊರಗೇ ಉಳಿದಿದೆ. ತಾರೀಕು ಮಾತ್ರ ಸ್ಪಷ್ಟ. ವಿಳಾಸ ಮಸಿಪೆನ್ನಿನದು, ಕನ್ನಡದಲ್ಲಿ. ಮ॥ ರಾ॥ ರಾ॥ ಎಂದು ಶುರುವಾಗಿ, ಹೆಸರಿನ ಕೊನೆಗೆ ಅವರಿಗೆ ಎಂಬ ಮರ್ಯಾದೆ. ಊರು ಮಲೆನಾಡಿನದು. ಹಿಂಬದಿಯಲ್ಲಿ ಆ ಊರು ಮುಟ್ಟಿದ ತಾರೀಕಿನ ಮುದ್ರೆ. ಲಕೋಟೆಯ ಬಾಯಿಯನ್ನು ಹರಿದಿಲ್ಲ, ಚಾಕು ಹಾಕಿ ಜೋಪಾನವಾಗಿ ಬಿಡಿಸಿದ್ದಾರೆ. ಒಳಗೆ ಕಾಗದ ಇದೆ, ನಾಲ್ಕು ಮಡಿಕೆ.

ಆ ಕಾಗದದಲ್ಲಿ ಏನಿದೆ ಎಂದು ಇಲ್ಲಿ ಬರೆಯುವುದಿಲ್ಲ. ಪ್ರದರ್ಶನಗಳಲ್ಲಿ ಕೆಲವರು ಒಳಗಿನ ಬರಹವನ್ನೂ ಬಿಚ್ಚಿ ಗಾಜಿನ ಕೆಳಗೆ ಇಡುತ್ತಾರೆ. ಇನ್ನೂರು ವರ್ಷ ಹಳೆಯ ವ್ಯಾಪಾರದ ಕಾಗದವಾದರೆ ನನ್ನ ಆಕ್ಷೇಪವಿಲ್ಲ. ಅದರಿಂದ ಹತ್ತಿಯ ದರ, ಹಡಗಿನ ದಾರಿ, ಕ್ಷಾಮದ ಸುದ್ದಿ ತಿಳಿಯುತ್ತದೆ. ಅರವತ್ತು ಎಪ್ಪತ್ತು ವರ್ಷದ ಹಿಂದಿನ ಮನೆಯ ಕಾಗದವಾದರೆ ಅದರಲ್ಲಿ ಹೆಸರಿರುವ ಮಕ್ಕಳು ಈಗ ಅಜ್ಜಂದಿರಾಗಿ ಎಲ್ಲೋ ಇರಬಹುದು. ಆ ಕೈ ಬರೆದದ್ದು ಒಬ್ಬರಿಗೆ. ಚೀಟಿಯ ಬೆಲೆ ತೆತ್ತದ್ದು ಸರ್ಕಾರದವರು ಅದನ್ನು ಒಡೆಯದೆ ಮುಟ್ಟಿಸುತ್ತಾರೆಂಬ ನಂಬಿಕೆಯ ಮೇಲೆ. ಆ ನಂಬಿಕೆಗೆ ಅವಧಿ ಮುಗಿಯಿತು ಎಂದು ಹೇಳುವ ಅಧಿಕಾರವನ್ನು ಹಳೆ ಪಂಚಾಂಗ ಕೊಂಡವನಿಗೆ ಯಾರೂ ಕೊಟ್ಟಿಲ್ಲ. ನಾನು ಓದಿದ್ದೇನೆ, ಓದದೆ ಇರಲಾಗಲಿಲ್ಲ; ಆ ಸುದ್ದಿ ನನ್ನಲ್ಲಿಗೇ ನಿಲ್ಲಬೇಕು.

ಅಪರೂಪದ ಬೆನ್ನಿಗೇ ಮೋಸ ಬರುತ್ತದೆ. ಹಳೆಯ ಕಾಲದ ಚೀಟಿಯಿಲ್ಲದ ಲಕೋಟೆ ತಂದು ಅದಕ್ಕೆ ಬೇರೆಡೆಯ ಚೀಟಿ ಹಚ್ಚುತ್ತಾರೆ. ಖೊಟ್ಟಿ ಠಸ್ಸೆ ಮಾಡಿಸಿ ಬೇಕಾದ ತಾರೀಕು ಒತ್ತುತ್ತಾರೆ. ಹಾಗಾಗಿ ಪಳಗಿದವರು ಮೊದಲು ನೋಡುವುದು ಠಸ್ಸೆಯ ಒಂದು ಭಾಗ ಚೀಟಿಯ ಮೇಲೂ ಇನ್ನೊಂದು ಭಾಗ ಲಕೋಟೆಯ ಮೇಲೂ ಕೂಡಿ ಬಿದ್ದಿದೆಯೇ ಎಂದು. ಆಮೇಲೆ ಆ ಕಾಲದ ದರಕ್ಕೂ ಚೀಟಿಯ ಬೆಲೆಗೂ ತಾಳೆಯಾಗುತ್ತದೆಯೇ, ಹೊರಟ ಊರು ಮುಟ್ಟಿದ ಊರುಗಳ ನಡುವಿನ ದೂರವನ್ನು ಅಷ್ಟು ದಿನದಲ್ಲಿ ಆಗಿನ ರೈಲೋ ಹಡಗೋ ಕುದುರೆಯೋ ಮುಟ್ಟಬಹುದಿತ್ತೇ ಎಂದು ಲೆಕ್ಕ ಹಾಕುತ್ತಾರೆ. ದೊಡ್ಡ ವಸ್ತುವಾದರೆ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಸಂಸ್ಥೆಗಳ ತಜ್ಞರ ಪ್ರಮಾಣಪತ್ರ ಬೇಕು. ಖೊಟ್ಟಿ ಲಕೋಟೆ ಮಾರಿದವನು ಕೊಂಡವನ ದುಡ್ಡು ತಿಂದ ಎಂದು ನಾವು ಗೊಣಗುತ್ತೇವೆ. ಅದು ಚಿಕ್ಕ ಪಾಪ. ಆಗದಿದ್ದ ಪ್ರಯಾಣವನ್ನು ಆಯಿತೆಂದು, ಯಾರೂ ಓಡದ ದಾರಿಯನ್ನು ಓಡಿದರೆಂದು ಅವನು ಹೇಳಿಬಿಟ್ಟ. ನಿಜವಾಗಿ ಓಡಿದವರ ಪಾಲಿಗಿದ್ದ ಒಂದೇ ದಾಖಲೆಯಲ್ಲಿ ಅವನು ಸುಳ್ಳು ಬೆರೆಸಿದ.

ಈಗಿನ ಎಫ್‌ಡಿಸಿಗಳ ಬಗ್ಗೆ ಏನು ಹೇಳಲಿ? ಅಮೆರಿಕದಲ್ಲಿ 1923ರ ಸೆಪ್ಟೆಂಬರ್ 1ರಂದು ಅಧ್ಯಕ್ಷ ಹಾರ್ಡಿಂಗರ ಸ್ಮರಣೆಯ ಚೀಟಿ ಬಂದಾಗ ಜಾರ್ಜ್ ಲಿನ್ ಎಂಬಾತ ಶೋಕದ ಕಪ್ಪು ಅಂಚಿನ ಲಕೋಟೆಯ ಮೇಲೆ ಒಂದು ಒಕ್ಕಣೆ ಅಚ್ಚು ಹಾಕಿಸಿದ. ಮೊದಲ ದಿನಕ್ಕೆಂದೇ ಅಲಂಕರಿಸಿದ ಲಕೋಟೆಗಳ ಪರಂಪರೆ ಅಲ್ಲಿಂದ ಶುರು. 1937ರಲ್ಲಿ ಅಮೆರಿಕದ ಅಂಚೆಯವರೇ ಬಿಡುಗಡೆಯ ಮೊದಲ ದಿನ ಎಂಬ ಠಸ್ಸೆಯನ್ನು ತಂದರು. ನಮ್ಮಲ್ಲೂ ಇಲಾಖೆಯ ಲಕೋಟೆ, ಇಲಾಖೆಯ ಠಸ್ಸೆ, ಜೊತೆಗೊಂದು ಮಾಹಿತಿಪತ್ರ. ಬೆಳಗ್ಗೆ ಜಿಪಿಒಗೆ ಹೋಗಿ ಕೊಂಡು, ಅಲ್ಲೇ ಠಸ್ಸೆ ಹಾಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತರುತ್ತೇವೆ. ವಿಳಾಸವಿಲ್ಲ, ಒಳಗೆ ಕಾಗದವಿಲ್ಲ, ಚೀಲ ಹೊತ್ತವರಿಲ್ಲ. ಅದರಲ್ಲಿ ಅನ್ಯಾಯವೇನೂ ನಡೆಯಲಿಲ್ಲ. ಅಂದದ ಲಕೋಟೆಗಳನ್ನು ನಾನೂ ಪ್ರೀತಿಸುತ್ತೇನೆ. ಆದರೆ ಠಸ್ಸೆ ಎನ್ನುವುದು ಒಂದು ಪ್ರಯಾಣದ ಆರಂಭಕ್ಕೆ ಸಾಕ್ಷಿ. ಇಲ್ಲಿ ಆರಂಭಕ್ಕೇ ಎಲ್ಲ ಮುಗಿಯುತ್ತದೆ.

ಮೊದಲ ದಿನವೆಂದು ಗೊತ್ತಿದ್ದೂ ನಿಜವಾದ ಕಾಗದ ಬರೆಯಬಹುದು. 1911ರ ಫೆಬ್ರವರಿ 18ರಂದು ಅಲಹಾಬಾದಿನ ಪ್ರದರ್ಶನದ ಮೈದಾನದಿಂದ ಆನ್ರಿ ಪೆಕೆ ಎಂಬ ಫ್ರೆಂಚ್ ವಿಮಾನಿ ಸುಮಾರು 6,500 ಕಾಗದಗಳನ್ನು ಹೊತ್ತು ಯಮುನೆಯ ಮೇಲೆ ಹಾರಿ, ಹದಿಮೂರು ನಿಮಿಷದಲ್ಲಿ ನೈನಿಗೆ ಇಳಿಸಿದ. ಸರ್ಕಾರಿ ಅಂಚೆ ವಿಮಾನದಲ್ಲಿ ಹೋದದ್ದು ಜಗತ್ತಿನಲ್ಲೇ ಅದು ಮೊದಲು. ಕಳಿಸಿದವರಿಗೆಲ್ಲ ಅದು ಚರಿತ್ರೆಯೆಂದು ಗೊತ್ತಿತ್ತು, ವಿಶೇಷ ಠಸ್ಸೆಗಾಗಿ ಮುಂಚೆಯೇ ದುಡ್ಡು ಕಟ್ಟಿದ್ದರು. ಆದರೂ ಆ ಕಾಗದಗಳು ನೈನಿಯಿಂದ ಮುಂದೆ ನಿಜವಾದ ವಿಳಾಸಗಳಿಗೆ ಹೋದವು, ನಿಜವಾದ ಮನುಷ್ಯರು ಒಡೆದು ಓದಿದರು. ಹವ್ಯಾಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಹೊಸ ಚೀಟಿ ಬಂದ ದಿನ ಒಂದು ಲಕೋಟೆಯನ್ನು ಖಾಲಿ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಇನ್ನೊಂದಕ್ಕೆ ಅಜ್ಜಿಯದೋ ಗೆಳೆಯನದೋ ವಿಳಾಸ ಬರೆದು, ಒಳಗೆ ಎರಡು ಸಾಲು ಹಾಕಿ ಡಬ್ಬಿಗೆ ಹಾಕಿ. ಮೂಲೆ ಮಡಚೀತು, ಮಳೆಹನಿ ಬಿದ್ದೀತು, ತಲುಪದೆಯೂ ಹೋದೀತು. ಹೋಗಲಿ.

ಉಳಿಸಿಕೊಳ್ಳುವ ಕೆಲಸ ನಮ್ಮ ಹವೆಯಲ್ಲಿ ಸುಲಭವಲ್ಲ. ಮಳೆಗಾಲದ ತೇವಕ್ಕೆ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ, ಗೋಂದು ಬೆವರುತ್ತದೆ, ಬೆಳ್ಳಿಮೀನು ಹುಳ ಅಂಚು ತಿನ್ನುತ್ತದೆ. ಅಗ್ಗದ ಪ್ಲಾಸ್ಟಿಕ್ ಹಾಳೆ ಚೀಟಿಯ ಬಣ್ಣವನ್ನೇ ಹೀರುತ್ತದೆ. ಸೆಲೋಟೇಪು ಹಚ್ಚಿದರಂತೂ ಮುಗಿಯಿತು. ಮಾರಿಷಸ್‌ನ ಮ್ಯೂಸಿಯಂನಲ್ಲಿ ಆ 1847ರ ಅಸಲು ಚೀಟಿಗಳ ಮೇಲೆ ದಿನದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಮಾತ್ರ ದೀಪ ಬೆಳಗಿಸುತ್ತಾರೆ, ಉಳಿದ ಹೊತ್ತು ನಕಲು ನೋಡಬೇಕು. ನೋಡುವ ಆಸೆಗೂ ಕಾಯುವ ಕರ್ತವ್ಯಕ್ಕೂ ಅಲ್ಲಿ ಮಾಡಿಕೊಂಡ ಹೊಂದಾಣಿಕೆ ನನಗೆ ಬಹಳ ಹಿಡಿಸಿತು. ಇಷ್ಟೆಲ್ಲ ಮಾಡಿದರೂ ಸಂಗ್ರಹಕ್ಕೆ ದೊಡ್ಡ ಅಪಾಯ ಸಂಗ್ರಾಹಕನ ಸಾವು. ಮನೆಯವರಿಗೆ ಅದು ಏನೆಂದು ತಿಳಿದಿರುವುದಿಲ್ಲ. ಒಂದೋ ರದ್ದಿಗೆ ಹೋಗುತ್ತದೆ, ಇಲ್ಲವೇ ಮೊದಲು ಬಂದ ವ್ಯಾಪಾರಿಯ ಚೀಲಕ್ಕೆ.

ಅದಕ್ಕೆಂದೇ ಪ್ರತಿ ಲಕೋಟೆಯ ಪಕ್ಕದ ಹಾಳೆಯಲ್ಲಿ ಪೆನ್ಸಿಲಿನಿಂದ ನನಗೆ ತಿಳಿದದ್ದನ್ನು ಬರೆದಿಡುತ್ತೇನೆ. ಎಲ್ಲಿ ಸಿಕ್ಕಿತು, ಯಾವ ದಾರಿಯಲ್ಲಿ ಹೋಗಿರಬೇಕು, ಯಾವುದು ಖಚಿತ, ಯಾವುದು ನನ್ನ ಊಹೆ ಎಂದು. ಬೆಲೆಯನ್ನೂ ಬರೆದಿದ್ದೇನೆ, ಮನೆಯವರು ಮೋಸಹೋಗಬಾರದಲ್ಲ. ಸರ್ ಎಂ.ವಿ. ಚೀಟಿಯ ಆ ಬಾದಾಮಿ ಲಕೋಟೆಯ ಹಾಳೆಯಲ್ಲಿ ಮಾತ್ರ ಬೆಲೆಯ ಜಾಗ ಖಾಲಿ ಬಿಟ್ಟು ಮಗಳಿಗೆ ಒಂದು ಮಾತು ಬರೆದಿದ್ದೇನೆ. ಆ ಊರಿನ, ಆ ಮನೆಯ ಯಾರಾದರೂ ಎಂದಾದರೂ ಬಂದು ಇದು ನಮ್ಮಜ್ಜನ ಹೆಸರು, ಇದು ನಮ್ಮ ದೊಡ್ಡಪ್ಪನ ಅಕ್ಷರ ಎಂದು ಗುರುತು ಹಿಡಿದರೆ ಕಾಗದ, ಲಕೋಟೆ, ಚೀಟಿ ಮೂರನ್ನೂ ಅವರ ಕೈಗೆ ಕೊಟ್ಟುಬಿಡು, ದುಡ್ಡು ಮುಟ್ಟಬೇಡ. ಅವರು ಚೀಟಿ ನೀವೇ ಇಟ್ಟುಕೊಳ್ಳಿ ಎಂದರೂ ಅದನ್ನು ಲಕೋಟೆಯಿಂದ ಬಿಡಿಸಬೇಡ.